ಪೊಳ್ಳು ಮುಚ್ಚುವ ಉಡಚಪ್ಪ

ಉಡಚಪ್ಪನ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅದಕ್ಕೇ ಇಷ್ಟು ವರ್ಷ ಬರೆಯಲಿಲ್ಲ. ಈಗ ಬರೆಯುತ್ತಿರುವುದೂ ದೊಡ್ಡತನದಿಂದೇನಲ್ಲ. ಅವನ ಕೆಲಸವನ್ನು ಕಣ್ಣಾರೆ ಕಂಡವರಲ್ಲಿ ಉಳಿದವನು ನಾನೊಬ್ಬನೇ. ನಾನೂ ಹೋದರೆ, ಉಡಚಪ್ಪ ಎಂಬ ಒಬ್ಬ ಕಿವುಡನಿದ್ದ, ಒಳ್ಳೆಯ ಶಾಫ್ಟೊಂದನ್ನು ಸುಮ್ಮನೆ ಕತ್ತರಿಸಿ ಹಾಳು ಮಾಡಿಸಿದ ಎಂಬ ಮಾತಷ್ಟೇ ಉಳಿಯುತ್ತದೆ. ಅದು ಸುಳ್ಳು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಾನು ಹುಬ್ಬಳ್ಳಿಯ ಗದಗ ರಸ್ತೆಯ ಬದಿಗಿದ್ದ ಒಂದು ಕಾರ್ಖಾನೆಗೆ ಲೇಥಿನ ಕೆಲಸಕ್ಕೆ ಸೇರಿದೆ. ಕಾರ್ಖಾನೆ ಎಂದರೆ ದೊಡ್ಡದೇನೂ ಅಲ್ಲ. ತಗಡಿನ ಎರಡು ಶೆಡ್ಡು, ಒಂದು ಭಟ್ಟಿ, ಮೂರು ಲೇಥು, ಎಲ್ಲಿಯೋ ಹರಾಜಿನಲ್ಲಿ ಹಿಡಿದು ತಂದ, ಉಗಿಯ ಬಲದಿಂದ ಎದ್ದು ಬೀಳುವ ಒಂದು ಉಗಿ ಸುತ್ತಿಗೆ. ಮಾಲೀಕರು ತ್ರ್ಯಂಬಕರಾಯರು. ಧಾರವಾಡದವರು, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು, ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುವವರು. ಶನಿವಾರ ಮಧ್ಯಾಹ್ನವೇ ಎದ್ದು ಹೊರಟರೆ ಧಾರವಾಡದಲ್ಲಿ ಯಾರದೋ ಹಾಡಿನ ಬೈಠಕ್ ಇದೆ ಎಂದು ನಮಗೆ ತಿಳಿಯುತ್ತಿತ್ತು. ಸುತ್ತಲಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳಿಗೂ ಎಣ್ಣೆ ಗಿರಣಿಗಳಿಗೂ ಶಾಫ್ಟು ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಶಾಫ್ಟು ಎಂದರೆ ಉದ್ದನೆಯ ಉಕ್ಕಿನ ದಂಡ. ಅದು ತಿರುಗಿದರೆ ಅದಕ್ಕೆ ಹಾಕಿದ ಗಾಲಿ, ಗಾಲಿಗೆ ಹಾಕಿದ ಪಟ್ಟಾ, ಪಟ್ಟಾಕ್ಕೆ ಸಿಕ್ಕ ಯಂತ್ರ ಎಲ್ಲ ತಿರುಗುತ್ತವೆ. ಅದು ಮುರಿದರೆ ಕೆಳಗೆ ನಿಂತು ಕೆಲಸ ಮಾಡುವವರ ಗತಿ ಏನೆಂದು ಹೇಳಬೇಕಾಗಿಲ್ಲ.

ಉಗಿ ಸುತ್ತಿಗೆಯ ಕೆಳಗೆ ಕಾದ ಉಕ್ಕನ್ನು ಇಕ್ಕಳದಿಂದ ಹಿಡಿದು ನಿಲ್ಲುವವನು ಉಡಚಪ್ಪ. ಗೋಪನಕೊಪ್ಪದವನು. ಅವನ ಕೇರಿಯವರಿಗೆ ಊರ ಕಮ್ಮಾರಸಾಲೆಯ ಒಳಗೆ ಕಾಲಿಡುವ ರೂಢಿ ಇರಲಿಲ್ಲ. ಉಗಿ ಸುತ್ತಿಗೆ ಹೊಸ ಯಂತ್ರವಾದ್ದರಿಂದ ಅದಕ್ಕಿನ್ನೂ ಜಾತಿ ಅಂಟಿರಲಿಲ್ಲ. ಕಲ್ಲಿದ್ದಲು ಹೊರಲು ಬಂದವನು ನಾಲ್ಕೈದು ವರ್ಷದಲ್ಲಿ ಇಕ್ಕಳ ಹಿಡಿದಿದ್ದ. ಜಾತಿ ಕುಡಿಯುವ ನೀರಿನ ಹತ್ತಿರ ಕಾಯುತ್ತಿತ್ತು. ಅವನ ಕೊಡ ಬೇರೆ, ನಮ್ಮ ಕೊಡ ಬೇರೆ. ನನಗಿಂತ ಹದಿನೈದು ವರ್ಷ ದೊಡ್ಡವನಾದರೂ ಅವನು ನನಗೆ ‘ರಿ’ ಹಚ್ಚಿ ಮಾತಾಡುತ್ತಿದ್ದ, ನಾನು ಅವನಿಗೆ ‘ನೀ’ ಅನ್ನುತ್ತಿದ್ದೆ. ಆಗ ಅದರಲ್ಲಿ ನನಗೇನೂ ತಪ್ಪು ಕಾಣಿಸಿರಲಿಲ್ಲ.

ಅವನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಕ ಹೊಯ್ದ ಉಕ್ಕಿನ ಗಟ್ಟಿಗಳು ನಮಗೆ ರೈಲಿನಲ್ಲಿ ಬರುತ್ತಿದ್ದವು. ಹೊರಗಿನಿಂದ ಕಲ್ಲುಕಂಬದ ಹಾಗೆ ಗಟ್ಟಿಮುಟ್ಟು. ಒಳಗೆ ಹಾಗಲ್ಲ. ಕರಗಿದ ಉಕ್ಕು ಅಚ್ಚಿನಲ್ಲಿ ಆರುವಾಗ ಮೊದಲು ಹೊರಗಿನ ಸಿಪ್ಪೆ ಗಟ್ಟಿಯಾಗುತ್ತದೆ, ನಡುವಿನದು ಕಡೆಗೆ ಆರಿ ಕುಗ್ಗುತ್ತದೆ. ಒಣಗಿದ ಶೇಂಗಾಕಾಯಿಯಲ್ಲಿ ಕಾಳು ಕುಗ್ಗಿ ಜಾಗ ಉಳಿಯುವ ಹಾಗೆ ಗಟ್ಟಿಯ ನಡುವೆ ಪೊಳ್ಳು ಉಳಿಯುತ್ತದೆ. ಎಂಥ ಒಳ್ಳೆಯ ಎರಕವಾದರೂ ಇದು ತಪ್ಪದು. ಅದನ್ನು ಹೋಗಲಾಡಿಸುವುದೇ ಸುತ್ತಿಗೆಯ ಕೆಲಸ. ಗಟ್ಟಿಯನ್ನು ನಡುವಿನ ತನಕ ಕಾಯಿಸಿ, ತಿರುವಿ ತಿರುವಿ ನಾಲ್ಕೂ ಕಡೆಯಿಂದ ಬಡಿಯುತ್ತ ಉದ್ದಕ್ಕೆ ಎಳೆದರೆ ಪೊಳ್ಳಿನ ಗೋಡೆಗಳು ಒಂದನ್ನೊಂದು ಮುಟ್ಟಿ ಬೆಸೆದುಹೋಗುತ್ತವೆ. ಆಮೇಲೆ ಅಲ್ಲಿ ಪೊಳ್ಳಿತ್ತೆಂಬ ಗುರುತೂ ಸಿಗುವುದಿಲ್ಲ.

“ಮ್ಯಾಲಮ್ಯಾಲ ಪಟಪಟ ಬಡದ್ರ ತೊಗಲಷ್ಟ ಹಿಗ್ಗತೈತ್ರಿ, ಒಳಗಿಂದು ಮತ್ತ ಹರೀತೈತಿ,” ಎಂದು ಅವನು ನನಗೆ ಒಮ್ಮೆ ಹೇಳಿದ್ದ. “ಹೊಡ್ತ ಕರಳಿಗೆ ಮುಟ್ಟಬೇಕು. ಅವಸರ ಮಾಡಬಾರದು. ಇನ್ನೊಂದ ಏನಂದ್ರ, ಒಳಗಿನ ಪೊಳ್ಳು ಗಾಳಿ ಕಂಡಿರಬಾರದ್ರಿ. ಬಿರಕ ಬಿಟ್ಟು ಗಾಳಿ ಹೊಕ್ತಂದ್ರ ಕಾಸಿದಾಗ ಒಳಗ ಕರೀ ಹೊಟ್ಟು ಕಟ್ಟತೈತಿ. ಆಮ್ಯಾಲ ದೇವರ ಬಂದು ಬಡದ್ರೂ ಅದು ಮುಚ್ಚಕೋತೈತಿ, ಕೂಡಂಗಿಲ್ಲ.”

ನಾನು ನಕ್ಕು, “ಮುಚ್ಚಿದ ಮ್ಯಾಲ ಕೂಡಿದಂಗ ಆತಲ್ಲೋ,” ಅಂದಿದ್ದೆ. ಅವನು ತಲೆಯಾಡಿಸಿ ಇಕ್ಕಳ ಎತ್ತಿಕೊಂಡ. ದಡ್ಡರ ಜೊತೆ ಅವನು ವಾದ ಬೆಳೆಸುತ್ತಿರಲಿಲ್ಲ.

ಶಾಫ್ಟು ಆರಿದ ಮೇಲೆ ಅದನ್ನು ಎರಡು ಮರದ ದಿಮ್ಮಿಗಳ ಮೇಲಿಟ್ಟು, ಒಂದು ಗೇಣಿಗೆ ಒಂದು ಏಟಿನಂತೆ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗುತ್ತಿದ್ದ. ಒಳಗೆ ಎಲ್ಲ ಕೂಡಿದ್ದರೆ ದನಿ ಗಂಟೆಯಂತೆ ಎದ್ದು ಬಹಳ ಹೊತ್ತು ನಿಲ್ಲುತ್ತದೆ. ಕೂಡದ ಜಾಗದಲ್ಲಿ ಬಡಿದರೆ ಠಪ್ ಎಂದು ಸಾಯುತ್ತದೆ. ಅಂಥ ಜಾಗ ಸಿಕ್ಕರೆ ಸೀಮೆಸುಣ್ಣದಿಂದ ಗೀಟು ಹಾಕಿ ಶಾಫ್ಟನ್ನು ಬೇರೆ ಇಡುತ್ತಿದ್ದ. ಅವನು ಒಪ್ಪಿದ ಶಾಫ್ಟು ಒಂದೂ ಮುರಿದಿರಲಿಲ್ಲ. ತ್ರ್ಯಂಬಕರಾಯರು ಹಾಡು ಕೇಳಿ ಕೇಳಿ ಪಳಗಿದ ಕಿವಿಯವರು, ಅವರಿಗೂ ಆ ವ್ಯತ್ಯಾಸ ಸರಿಯಾಗಿ ಹತ್ತುತ್ತಿರಲಿಲ್ಲ. “ಉಡಚಪ್ಪನ ಕಿವಿ ನಮ್ಮ ಧಾರವಾಡದಾಗೂ ಯಾರಿಗೂ ಇಲ್ಲ,” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ನಿಜವೆಂದರೆ ಉಡಚಪ್ಪನ ಕಿವಿ ಆಗಲೇ ಹೋಗಿತ್ತು. ದಿನಕ್ಕೆ ಎಂಟು ತಾಸು ಆ ಸುತ್ತಿಗೆಯ ಬುಡದಲ್ಲಿ ನಿಂತವನ ಕಿವಿ ಎಷ್ಟು ದಿನ ಬಾಳೀತು? ನಮಗೆ ಅದು ಗೊತ್ತಾಗಲೇ ಇಲ್ಲ, ಯಾಕೆಂದರೆ ಆ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಲಿವರ್ ಎಳೆಯುವ ಫಕೀರಪ್ಪನಿಗೆ ಅವನು ಗದ್ದ ಎತ್ತಿ ಇಳಿಸಿಯೇ ಎಲ್ಲ ಹೇಳುತ್ತಿದ್ದ. ಎದುರು ನಿಂತವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದ, ಉಳಿದರ್ಧಕ್ಕೆ ‘ಹೂಂ ರಿ’ ಅನ್ನುತ್ತಿದ್ದ. ಶಾಫ್ಟಿನ ದನಿ ಕೇಳುತ್ತಿದ್ದದ್ದು ಅವನ ಹೆಂಡತಿ ಸಾವಂತ್ರೆವ್ವ.

ಅವಳು ದಿನಾ ಮಧ್ಯಾಹ್ನ ಕೇಶ್ವಾಪುರದ ಮೇಲೆ ಹಾದು ಬುತ್ತಿ ತರುತ್ತಿದ್ದಳು. ತಂತಿ ಬೇಲಿಯ ಆಚೆ, ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳು. ಉಡಚಪ್ಪ ಊಟಕ್ಕೆ ಮುಂಚೆ, ಉಳಿದ ಯಂತ್ರಗಳು ನಿಂತಾಗ, ಶಾಫ್ಟು ಬಡಿದು ನೋಡುತ್ತಿದ್ದ. ಗದ್ದಲದಲ್ಲಿ ದನಿ ಕೇಳುವುದಿಲ್ಲ ಎಂದು ನೆವ. ಸಂತೆಯಲ್ಲಿ ಗಡಿಗೆ ಬಾರಿಸಿ ಸೀಳಿದ್ದನ್ನು ಬೇರೆ ಮಾಡುವ ಹೆಣ್ಣುಮಗಳಿಗೆ ಉಕ್ಕು ಬಾರಿಸಿದ್ದು ತಿಳಿಯದೇ? ದನಿ ತುಂಬಿದ್ದರೆ ಸುಮ್ಮನೆ ಕೂತಿರುವಳು, ದನಿ ಸತ್ತರೆ ಬುತ್ತಿಗಂಟಿನ ಮೇಲೆ ಕೈಯಿಡುವಳು. ಉಡಚಪ್ಪ ಓರೆಗಣ್ಣಿನಲ್ಲಿ ನೋಡಿ ಗೀಟು ಹಾಕುವನು. ಮೂರು ವರ್ಷ ಹೀಗೆ ನಡೆದಿದೆ. ನಾನು ಇದನ್ನೆಲ್ಲ ತಿಳಿದದ್ದು ಬಹಳ ತಡವಾಗಿ. ಕಿವಿ ಹೋಯಿತೆಂದು ತಿಳಿದರೆ ಇಕ್ಕಳ ಬೇರೆಯವರ ಕೈಗೆ ಹೋಗುತ್ತದೆ, ತಾನು ಮತ್ತೆ ಕಲ್ಲಿದ್ದಲಿನ ಬುಟ್ಟಿಗೆ ಬೀಳುತ್ತೇನೆ ಎಂಬುದೊಂದೇ ಅವನ ಭಯವಾಗಿತ್ತು.

ಅರವತ್ತೊಂದರ ಖಂಡೇನವಮಿ, ಆಯುಧಪೂಜೆಯ ದಿನ. ಹತ್ತಿಯ ಸುಗ್ಗಿಗೆ ಮುಂಚೆ ಒಂದು ಜಿನ್ನಿಗೆ ಹನ್ನೆರಡು ಅಡಿಯ ಶಾಫ್ಟು ಬೇಕಾಗಿತ್ತು. ಅವತ್ತು ಬೆಳಗಿನ ಜಾವಕ್ಕೇ ಗಟ್ಟಿ ಭಟ್ಟಿಗೆ ಬಿದ್ದು, ಹತ್ತರ ಹೊತ್ತಿಗೆ ಅರ್ಧ ಎಳೆದಾಗಿತ್ತು. ಆಗ ರಾಯರು ಬಂದು ಒಂದು ಮಾತು ಹೇಳಿದರು. ಪ್ರತಿ ವರ್ಷ ಪೂಜೆಗೆ ಧಾರವಾಡದಿಂದ ಭಟ್ಟರು ಬರುತ್ತಿದ್ದರು, ಉಡಚಪ್ಪ ಬಾಗಿಲಾಚೆ ನಿಂತು ಕೈಮುಗಿಯುತ್ತಿದ್ದ. ಆ ವರ್ಷ ರಾಯರು, “ಹ್ಯಾಮರ್ ನಡಸಾಂವ ನೀನು. ಪೂಜಾನೂ ನೀನೇ ಮಾಡು,” ಅಂದರು.

ಒಳ್ಳೆಯ ಮನಸ್ಸಿನಿಂದಲೇ ಅಂದರು. ಈ ಕಥೆಯಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ, ಅದೇ ನನಗೆ ಸಹಿಸಲಾಗದ್ದು. ಒಬ್ಬ ಖಳ ಸಿಕ್ಕಿದ್ದರೆ ಅವನನ್ನಾದರೂ ಬೈದು ಸಮಾಧಾನಪಡುತ್ತಿದ್ದೆ.

ಸಾವಂತ್ರೆವ್ವನಿಗೆ ಹೇಳಿಕಳಿಸಿದರು. ಅವಳು ಇಳಕಲ್ ಸೀರೆ ಉಟ್ಟು ಬಂದು ಮೊದಲ ಸಲ ಶೆಡ್ಡಿನ ಒಳಗೆ ಕಾಲಿಟ್ಟಳು. ಮುಹೂರ್ತ ಹನ್ನೊಂದರವರೆಗೆ ಮಾತ್ರ. ಅರ್ಧ ಎಳೆದ ಗಟ್ಟಿಗೆ ಇನ್ನೊಂದು ಕಾವು ಕೊಟ್ಟು ಮುಗಿಸಲು ಎರಡು ತಾಸಾದರೂ ಬೇಕು. ಪೂಜೆ ಆಯಿತೆಂದರೆ ಮರುದಿನ ಬನ್ನಿ ಮುಡಿಯುವ ತನಕ ಸುತ್ತಿಗೆ ಮುಟ್ಟುವ ಹಾಗಿಲ್ಲ.

“ಕಾವು ಮುಗಿಸಿ ಪೂಜಾ ಮಾಡಿದ್ರ ಹ್ಯಾಂಗ?” ರಾಯರು ಕೇಳಿದರು.

“ವರ್ಷಕ್ಕೊಂದ ದಿನ ಐತ್ರಿ ರಾಯರ. ಹೊತ್ತು ಮೀರಿಸಿ ಮಾಡೂದು ಬ್ಯಾಡ,” ಅಂದ ಉಡಚಪ್ಪ. ಅವನು ರಾಯರಿಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾವೂ ಅವನ ಕಡೆಯೇ ನಿಂತೆವು. ನಮಗೆ ಹೋಳಿಗೆ ಊಟದ ಆತುರ.

ಪೂಜೆಗೆಂದು ಶೆಡ್ಡಿನ ನೆಲ ತೊಳೆದವನು ನಾನು. ಇಪ್ಪತ್ತು ಬಕೀಟು ನೀರು ಹೊಡೆದೆ. ಕೆಂಪಗೆ ಕಾದ ಗಟ್ಟಿಯನ್ನು ಸರಪಳಿಯಿಂದ ಎಳೆದು ಅದೇ ಹಸಿ ನೆಲದ ಮೂಲೆಗೆ ಹಾಕಿದೆವು. ಚೊಂಯ್ ಎಂದು ಉಗಿ ಎದ್ದಿತು. ಹಾಗೆ ಅರ್ಧಕ್ಕೆ ನಿಲ್ಲಿಸಿದ ಗಟ್ಟಿಯನ್ನು ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಲು ಬಿಡಬೇಕು, ನೀರು ಸೋಕಿದರೆ ಬಿರುಕು ಬಿಡುತ್ತದೆ. ಇದು ಉಡಚಪ್ಪನಿಗಿಂತ ಚೆನ್ನಾಗಿ ಗೊತ್ತಿದ್ದವರು ಹುಬ್ಬಳ್ಳಿಯಲ್ಲಿ ಯಾರೂ ಇರಲಿಲ್ಲ. ಆ ಉಗಿಯ ಚೊಂಯ್ ಅವನಿಗೆ ಕೇಳಿಸಲಿಲ್ಲ. ಅವನು ನಮಗೆ ಬೆನ್ನು ಹಾಕಿ, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಸುತ್ತಿಗೆಗೆ ವಿಭೂತಿ ಹಚ್ಚುತ್ತಿದ್ದ. ಅಷ್ಟು ಸಂತೋಷವಾಗಿದ್ದ ಉಡಚಪ್ಪನನ್ನು ನಾನು ಮತ್ತೆ ನೋಡಲಿಲ್ಲ.

ಎರಡು ದಿನದ ಮೇಲೆ ಗಟ್ಟಿಯನ್ನು ಮತ್ತೆ ಭಟ್ಟಿಗೆ ಹಾಕುವಾಗ ಅದರ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅವನು ನೋಡಿದ, ನಾನೂ ನೋಡಿದೆ. ತುದಿಯನ್ನು ನಾಲ್ಕು ಬೆರಳು ಹೆಚ್ಚಿಗೆ ಕತ್ತರಿಸಿ ತೆಗೆದ. ಕತ್ತರಿಸಿದಲ್ಲಿ ಬಿರುಕು ಕಾಣಲಿಲ್ಲ. ಕೆಂಪಗೆ ಕಾದು ಬಂದ ಗಟ್ಟಿಯನ್ನು ಅವತ್ತು ಅವನು ಬಡಿದ ರೀತಿಯೇ ಬೇರೆ, ಒಂದೊಂದು ಏಟಿಗೂ ಹಲ್ಲು ಕಚ್ಚುತ್ತಿದ್ದ. ಸಂಜೆಗೆ ಹನ್ನೆರಡು ಅಡಿ ಶಾಫ್ಟು ಎಳೆದು ಮಲಗಿಸಿದ. ನೋಡಲು ಬಹಳ ಚೆಂದವಿತ್ತು.

ಮರುದಿನ ಮಧ್ಯಾಹ್ನ ಬಡಿದು ನೋಡಿದ. ಆ ಹೊತ್ತಿಗೆ ರಾಯರು ಎಂದೂ ಇಲ್ಲದವರು ಬೇಲಿಯ ಹತ್ತಿರ ಹೋಗಿ ಸಾವಂತ್ರೆವ್ವನ ಜೊತೆ ಎರಡು ಮಾತಾಡುತ್ತ ನಿಂತಿದ್ದರು. ಪೂಜೆಯ ದಿನ ಅವಳನ್ನು ನೋಡಿದ್ದರಲ್ಲ, ಅದಕ್ಕೆ. ನಾನು ಬಾಗಿಲಲ್ಲಿ ಬೀಡಿ ಸೇದುತ್ತಿದ್ದೆ. ಉಡಚಪ್ಪ ನಡುವಿನ ತನಕ ಬಡಿಯುತ್ತ ಬಂದವನು ಥಟ್ಟನೆ ನಿಂತು, ಸುಣ್ಣದ ಗೀಟು ಎಳೆದು, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ರಾಯರು ಬಂದರು. “ಏನಾತೋ?”

“ಪೊಳ್ಳ ಐತ್ರಿ. ಇಲ್ಲೆ. ಕೂಡಿಲ್ಲ.”

ರಾಯರು ಸುತ್ತಿಗೆ ಇಸಿದುಕೊಂಡು ಗೀಟಿನ ಮೇಲೆ ತಾವೇ ಬಡಿದರು. ದನಿ ಎದ್ದು ನಿಂತಿತು. “ಸ್ವರ ಛಲೋ ಅದಲ್ಲೋ.”

“ಇಲ್ರಿ. ಐತ್ರಿ.”

ಜಿನ್ನಿನವರು ವಾರದಿಂದ ಮನುಷ್ಯರನ್ನು ಕಳಿಸುತ್ತಿದ್ದರು. ಬೇರೆ ಮಾಲೀಕರಾಗಿದ್ದರೆ ಅವನ ಮಾತನ್ನು ಅಲ್ಲೇ ತಳ್ಳಿಹಾಕಿ ಶಾಫ್ಟು ಕಳಿಸುತ್ತಿದ್ದರು. ರಾಯರು ಸುತ್ತಿಗೆ ಕೆಳಗಿಟ್ಟರು. “ಜೀವದ ಪ್ರಶ್ನೆ ಅದ. ಗುರುಶಿದ್ದಪ್ಪ, ಕೊಯ್ದು ನೋಡು,” ಅಂದರು. ಗುರುಶಿದ್ದಪ್ಪ ಎಂದರೆ ನಾನು.

ಕೊಯ್ಯಲು ಆ ದಿನದ ಉಳಿದ ಹೊತ್ತೆಲ್ಲ ಹಿಡಿಯಿತು. ಗರಗಸದ ಎಲೆ ಎರಡು ಸಲ ಮುರಿಯಿತು, ನನ್ನ ಸಿಟ್ಟು ನೆತ್ತಿಗೇರಿತ್ತು. ಸಂಜೆಗೆ ಶಾಫ್ಟು ಎರಡು ತುಂಡಾಗಿ ಬಿತ್ತು. ಕೊಯ್ದ ಮುಖ ಕನ್ನಡಿ. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ. ರಾಯರು ಬೆರಳಾಡಿಸಿ ನೋಡಿದರು, ದೀಪ ತರಿಸಿ ನೋಡಿದರು.

ಉಡಚಪ್ಪ ಮುಖ ಬೆಳ್ಳಗಾಗಿ ನನ್ನ ಹತ್ತಿರ ಬಂದ. “ಇನ್ನೊಂದ ಗೇಣ ಕೊಯ್ರಿ,” ಅಂದ. “ಈ ಕಡೆ. ಒಂದ ಗೇಣ.”

ನನ್ನ ಕೈ ಬೊಬ್ಬೆ ಎದ್ದಿತ್ತು. ರಾಯರು ನನ್ನ ಕಡೆ ನೋಡಿದರು. ಆಗಲಿ ಎಂದು ನಾನು ಅಂದಿದ್ದರೆ ಅವರು ಹೂಂ ಅನ್ನುತ್ತಿದ್ದರು ಎಂದು ನನಗೆ ಇವತ್ತಿಗೂ ಅನಿಸುತ್ತದೆ. “ಸಾಕ ಬಿಡೋ ಮಾರಾಯ, ಎಷ್ಟ ಕೊಯ್ಸತಿ,” ಅಂದೆ. ನಾಲ್ಕು ಜನ ನಕ್ಕರು.

ಅವನು ತುಂಡಿನ ಮೇಲೆ ಬಗ್ಗಿ ಕಿವಿ ಹಚ್ಚಿದ. ಹಿಂದಿನಿಂದ ರಾಯರು, “ಉಡಚಪ್ಪ,” ಅಂದರು. ಅವನು ತಿರುಗಲಿಲ್ಲ. “ಏ ಉಡಚಪ್ಪ,” ಎಂದು ಮತ್ತೆ ಅಂದರು. ಮೂರನೆಯ ಸಲ ಗಟ್ಟಿಯಾಗಿಯೇ ಕರೆದರು. ಶೆಡ್ಡಿನಲ್ಲಿ ಯಾವ ಯಂತ್ರವೂ ನಡೆದಿರಲಿಲ್ಲ. ಅವನು ಹಾಗೇ ಬಗ್ಗಿಕೊಂಡು ಉಕ್ಕಿಗೆ ಕಿವಿ ಹಚ್ಚಿದ್ದ. ರಾಯರ ಮುಖ ಅಳುವ ಹಾಗಾಯಿತು.

ಮರುದಿನ ಇಕ್ಕಳ ಫಕೀರಪ್ಪನ ಕೈಗೆ ಬಂತು. ರಾಯರು ಉಡಚಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಕಲ್ಲಿದ್ದಲಿನ ಕಡೆಗೆ ಇರು ಅಂದರು. ಅವನು ಎಂಟು ದಿನ ಬುಟ್ಟಿ ಹೊತ್ತ. ನಮ್ಮವರು ಬೆನ್ನ ಹಿಂದೆ ಅವನ ಹೆಸರು ಕೂಗಿ ನಗುವುದನ್ನು ಕಲಿತಿದ್ದರು. ಒಂಬತ್ತನೆಯ ದಿನ ಅವನು ಬರಲಿಲ್ಲ.

ಕೊಯ್ದ ಎರಡು ತುಂಡಿನಲ್ಲಿ ಒಂದು ಅದೇ ಜಿನ್ನಿನ ಚಿಕ್ಕ ಶಾಫ್ಟಿಗೆ ಸರಿಯಾಗುತ್ತಿತ್ತು. ಕಣ್ಣಾರೆ ಕಂಡ ಒಳ್ಳೆಯ ಉಕ್ಕನ್ನು ಯಾರು ಬಿಸಾಡುತ್ತಾರೆ? ಅದನ್ನು ಲೇಥಿಗೆ ಹಾಕಿ ಮೂರು ದಿನ ಹೊರಳಿಸಿ ನಯ ಮಾಡಿದವನೂ ನಾನೇ. ಅದು ಜಿನ್ನಿಗೆ ಹೋಗಿ ತಿರುಗತೊಡಗಿತು.

ಉಡಚಪ್ಪ ಆಮೇಲೆ ಯಾವ ಕಾರ್ಖಾನೆಗೂ ಹೋಗಲಿಲ್ಲ. ಸಾವಂತ್ರೆವ್ವ ಒಂದು ಎಣ್ಣೆ ಗಿರಣಿಯ ಅಂಗಳದಲ್ಲಿ ಶೇಂಗಾ ಹಸನು ಮಾಡಲು ಹೋಗುತ್ತಿದ್ದಳು. ಅವನು ಮನೆಯ ಮುಂದೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ನಾನು ಪ್ರತಿ ದಸರೆಗೆ ಬನ್ನಿ ಕೊಡಲು ಗೋಪನಕೊಪ್ಪಕ್ಕೆ ಹೋಗುತ್ತಿದ್ದೆ. ಪ್ರೀತಿಯಿಂದಲೋ ಪಾಪಪ್ರಜ್ಞೆಯಿಂದಲೋ ಹೇಳಲಾರೆ. ಹೋದಾಗೊಮ್ಮೆ ಅವನು ಕೇಳುವುದು ಒಂದೇ ಪ್ರಶ್ನೆ. ಕಿವುಡರ ಹಾಗೆ ದೊಡ್ಡ ದನಿ ಮಾಡಿ, “ಆ ಶಾಫ್ಟ್ ತಿರುಗಾಕತ್ತೈತೇನ್ರಿ?” ಅನ್ನುವನು. ನಾನು ಬೆರಳು ಸುತ್ತಿಸಿ, ತಿರುಗಾಕತ್ತೈತಿ ಎಂದು ತೋರಿಸುವೆ. ಅವನು ತಲೆಯಾಡಿಸಿ ಹಗ್ಗಕ್ಕೆ ಕೈ ಹಾಕುವನು.

ಪಾಪ, ಅದು ಮುರಿಯುವುದನ್ನೇ ಕಾಯುತ್ತಿದ್ದಾನೆ, ತಾನು ಅಂದದ್ದು ಖರೆ ಎಂದು ಲೋಕ ಒಪ್ಪಲಿ ಎಂದು ಹಟ ಹಿಡಿದು ಕೂತಿದ್ದಾನೆ, ಎಂದು ನಾನು ತಿಳಿದಿದ್ದೆ. ನಾನಾಗಿದ್ದರೆ ಹಾಗೇ ಕೂಡುತ್ತಿದ್ದೆ. ನಮ್ಮ ಬುದ್ಧಿಯ ಅಳತೆಗೇ ಅಲ್ಲವೇ ನಾವು ಇನ್ನೊಬ್ಬರನ್ನು ಅಳೆಯುವುದು.

ಅರವತ್ತಾರರ ಮಾಘ ಮಾಸದಲ್ಲಿ, ಹತ್ತಿ ಭರದಿಂದ ಬರುವ ಹೊತ್ತಿನಲ್ಲಿ, ಶಾಫ್ಟು ಮುರಿಯಿತು. ಗಾಲಿ ಕಳಚಿ ಪಟ್ಟಾ ಸಮೇತ ಹಾರಿತು. ಕೆಳಗೆ ಯಂತ್ರಕ್ಕೆ ಹತ್ತಿ ಹಾಕುತ್ತ ಗುಲ್ಜಾರಬಿ ಎಂಬ ಹೆಂಗಸು ನಿಂತಿದ್ದಳು. ಮೂವತ್ತರ ಆಸುಪಾಸಿನವಳು. ಅಲ್ಲಿಯೇ ಹೋದಳು. ಹೊಸ ಶಾಫ್ಟಿಗೆ ಅಳತೆ ತರಲು ನನ್ನನ್ನು ಕಳಿಸಿದರು. ನಾನು ಹೋದಾಗ ನೆಲ ತೊಳೆದಿದ್ದರು, ಮೂಲೆಯ ಹತ್ತಿ ಮಾತ್ರ ಇನ್ನೂ ಕೆಂಪಗಿತ್ತು.

ಮುರಿದ ಮುಖವನ್ನು ನೋಡಿದೆ. ಅಂಚೆಲ್ಲ ಹೊಸದಾಗಿ ಹರಿದು ಬೆಳ್ಳಗೆ ಹೊಳೆಯುತ್ತಿತ್ತು. ನಡುವೆ ಅಂಗೈಯಗಲ ಕರಿದು. ಹಳೆಯ ಕರಿದು, ಹೊಟ್ಟು ಕಟ್ಟಿದ್ದು. ಅದರ ಎರಡು ಗೋಡೆಗಳು ನಾಲ್ಕು ವರ್ಷ ಒಂದಕ್ಕೊಂದು ಒತ್ತಿಕೊಂಡೇ ಇದ್ದವು, ಕೂಡಿರಲಿಲ್ಲ. ನಾನು ಕೊಯ್ದ ತುದಿಯಿಂದ ಅಲ್ಲಿಗೆ ಗೇಣು ಹಾಕಿ ನೋಡಿದೆ. ಸರಿಯಾಗಿ ಒಂದು ಗೇಣು.

ರಾಯರಿಗೆ ತೋರಿಸಿದೆ. ಅವರು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. “ಒಯ್ದು ಅವಗ ತೋರಸು,” ಅಂದರು. “ನಾ ಬರೂ ಮಾರಿ ಇಲ್ಲ ನನಗ.”

ಆ ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ ಒಯ್ದೆ. ದಾರಿಯುದ್ದಕ್ಕೂ ನನಗೆ ಒಂದು ಥರದ ಉತ್ಸಾಹವಿತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಿವುಡ ಎಂದು ನಕ್ಕ ಮಂದಿಯ ಮುಂದೆ ಅವನ ಮಾನ ಅವನಿಗೆ ತಿರುಗಿ ಕೊಡುತ್ತೇನೆ ಎಂದುಕೊಂಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಉಡಚಪ್ಪ ಅಂಗಳದ ಬಿಸಿಲಿನಲ್ಲಿ ಹಗ್ಗ ಹೊಸೆಯುತ್ತಿದ್ದ. ಸಾವಂತ್ರೆವ್ವ ಒಳಗಿನಿಂದ ಬಂದು ಚಾಪೆ ಹಾಕಿದಳು. ನಾನು ಗೋಣಿ ಬಿಚ್ಚಿ ತುಂಡನ್ನು ಅವನ ಮುಂದಿಟ್ಟೆ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕರಿ ಮುಖವನ್ನು ನೋಡಿದ, ಕೊಯ್ದ ತುದಿಯನ್ನು ನೋಡಿದ, ತನ್ನ ಗೇಣಿಟ್ಟು ಅಳೆದ. ಆಮೇಲೆ ನನ್ನ ಮುಖ ನೋಡಿ ಕೇಳಿದ:

“ಕೆಳಗ ಯಾರರ ಇದ್ರೇನ್ರಿ?”

ನಾನು ಇದಕ್ಕೆ ತಯಾರಾಗಿರಲಿಲ್ಲ. ನಾನು ಬಾಯಿ ತೆರೆದೆ, ನನ್ನ ಗಡ್ಡಮೀಸೆಯ ತುಟಿ ಅವನಿಗೆ ತಿಳಿಯಲಿಲ್ಲ. ಓದು ಬರಹ ಅವನಿಗಿಲ್ಲ. ಕೈಯಿಂದಲೇ ಹೇಳಬೇಕಾಯಿತು. ಮಣಿಕಟ್ಟಿನ ಸುತ್ತ ಬೆರಳಾಡಿಸಿ ಬಳೆ ತೋರಿಸಿದೆ, ಹೆಂಗಸು ಎಂದು. ಎರಡೂ ಕೈಯಿಂದ ಹತ್ತಿ ತುಂಬುವುದನ್ನು ತೋರಿಸಿದೆ. ಮೇಲೆ ಗಾಲಿ ತಿರುಗುವುದನ್ನು ತೋರಿಸಿದೆ. ಅದು ಬೀಳುವುದನ್ನು ತೋರಿಸಿದೆ. ಕಡೆಗೆ ಅಂಗೈ ಮಗುಚಿದೆ. ಹಿಂದೆ ಸುತ್ತಿಗೆಯ ಕೆಳಗಿನ ಉಕ್ಕನ್ನು ನೋಡುತ್ತಿದ್ದ ಹಾಗೆ ರೆಪ್ಪೆ ಹೊಡೆಯದೆ ಅವನು ನನ್ನ ಕೈ ನೋಡುತ್ತಿದ್ದ.

ಆಮೇಲೆ ಮಾತಾಡಿದ. ಆ ಸಲ ದನಿ ದೊಡ್ಡದಿರಲಿಲ್ಲ.

“ತಿರುಗಾಕತ್ತೈತಿ ಅಂತ ನೀವು ತೋರಿಸಿದಾಗೊಮ್ಮೆ ನನ್ನ ಜೀವಕ್ಕ ತಂಪ ಆಗತಿತ್ರಿ. ನಾನs ತಪ್ಪಿದ್ದೆ, ಶಾಫ್ಟ್ ಛಲೋ ಐತಿ, ಯಾರಿಗೂ ಏನೂ ಆಗಂಗಿಲ್ಲ ಅಂತ. ಕಿವುಡ ಅಂದ್ರ ಅನ್ನಲಿ, ಅದೊಂದ ಸುಳ್ಳಾದ್ರ ಸಾಕು ಅಂತ ನಾಕ ವರ್ಷ ಅದನ್ನs ನೆಚ್ಚಿ ಉಂಡೇನ್ರಿ.” ತುಂಡನ್ನು ಕೈಯಿಂದ ಆಚೆ ಸರಿಸಿದ. “ಇದನ್ನ ಯಾಕ ತಂದ್ರಿ?”

ನಾನು ಗೋಣಿಯನ್ನು ತುಂಡಿನ ಮೇಲೆ ಎಳೆದೆ.

“ಅಕಿ ಕಿವಿ ಖರೇ ಇತ್ರಿ,” ಎಂದು ಹೆಂಡತಿಯ ಕಡೆ ಗದ್ದ ಎತ್ತಿದ. “ಅಕಿ ಹೇಳಿದ್ದು ಖರೇ. ಗುರ್ತು ಹಾಕಿದ ಕೈ ನಂದು. ಒಂದ ಗೇಣ ತಪ್ಪಿ ಹಾಕೇನಿ. ಪೂಜಾ ಪೂಜಾ ಅಂತ ಅರ್ಧಕ್ಕ ನಿಂದ್ರಿಸಿದಾಂವನೂ ನಾನು. ಆ ಹೆಣ್ಣಮಗಳನ್ನ ಕೊಂದಾಂವ ನಾನು.”

ಅಳಲಿಲ್ಲ. ಮತ್ತೆ ಹಗ್ಗಕ್ಕೆ ಕೈ ಹಾಕಿದ, ಆದರೆ ನಾರು ಹೊಸೆಯದೆ ಸುಮ್ಮನೆ ಹಿಡಿದು ಕೂತ. ಸಾವಂತ್ರೆವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ನಾನು ಎದ್ದು ಹೊರಟಾಗ ಅವಳು ಓಣಿಯ ತಿರುವಿನ ತನಕ ಹಿಂದೆ ಬಂದಳು. ಅಲ್ಲಿ ನಿಂತು ಎಲ್ಲ ಹೇಳಿದಳು, ಬುತ್ತಿಗಂಟಿನ ಮೇಲೆ ಕೈಯಿಡುವುದು, ಮೂರು ವರ್ಷದ ಗುಟ್ಟು, ಎಲ್ಲ.

“ಅವತ್ತ ಕೈ ತಪ್ಪಿದ್ದು ಅವರದಲ್ರಿ ಅಣ್ಣಾರ, ನಂದು,” ಅಂದಳು. “ರಾಯರು ಬಂದು ಮಾತಾಡ್ಸಿದ್ರು. ಅವರು ನಿಂತಾಗ ನಾ ಕುಂತಿರೂದು ಹ್ಯಾಂಗ್ರಿ? ಎದ್ದ ನಿಂತೆ. ಗಂಟು ನೆಲದ ಮ್ಯಾಲ ಇತ್ತು. ದನಿ ಸತ್ತದ್ದು ಕೇಳ್ತು. ಬಗ್ಗಿ ಕೈ ಇಡೂದ್ರಾಗ ನಮ್ಮವರು ಇನ್ನೊಂದ ಏಟ ಮುಂದ ಹೋಗಿದ್ರು.”

“ಅವತ್ತs ಹೇಳಬೇಕಾಗಿತ್ತವಾ,” ಅಂದೆ. ಹೇಳಲು ನನಗೆಷ್ಟು ಸುಲಭ.

“ಯಾರ ಮುಂದ ಹೇಳ್ಲಿ? ಹೇಳಿದ್ರ ಕಿವಿ ಹೋಗಿದ್ದು ತಿಳೀತಿತ್ತು. ಸಂಜೀಕ ಅದೂ ತಿಳೀತು. ಆಮ್ಯಾಲ ಮನ್ಯಾಗ ಅವರಿಗೆ ಹೇಳಬೇಕಂದೆ, ಬಾಯಿ ಬರಲಿಲ್ಲ.” ಸೆರಗಿನಿಂದ ಮುಖ ಒತ್ತಿಕೊಂಡಳು. “ನೀವೂ ಹೇಳಬ್ಯಾಡ್ರಿ. ಈ ಲೋಕದಾಗ ನನ್ನ ತುಟಿ ಒಂದs ಅವರಿಗೆ ತಿಳೀತಾವ. ನನ್ನ ಮ್ಯಾಲ ಬ್ಯಾಸರಾತಂದ್ರ ಅದನ್ನೂ ನೋಡೂದು ಬಿಡತಾರ. ಆಗ ಅವರಿಗೆ ಏನ ಉಳೀತೈತ್ರಿ?”

ನಾನು ಹೂಂ ಅಂದೆ.

ಅರವತ್ತೇಳರ ದಸರೆಗೆ ಮುಂಚೆ ಉಡಚಪ್ಪ ತೀರಿಕೊಂಡ. ಕಡೆಯ ತನಕ ಗೀಟು ತಪ್ಪಿ ಹಾಕಿದ್ದು ತನ್ನ ಕೈಯೆಂದೇ ತಿಳಿದಿದ್ದ. ಮಣ್ಣಿಗೆ ಹೋದಾಗ ಸಾವಂತ್ರೆವ್ವ ನನ್ನ ಮುಖ ನೋಡಲಿಲ್ಲ, ನಾನೂ ಅವಳದನ್ನು ನೋಡಲಿಲ್ಲ. ಅವಳು ತನ್ನ ತಪ್ಪನ್ನು ಓಣಿಯ ತಿರುವಿನಲ್ಲಿ ನನಗಾದರೂ ಹೇಳಿಕೊಂಡಳು. ಇನ್ನೊಂದು ಗೇಣು ಕೊಯ್ರಿ ಎಂದು ಅವನು ನನ್ನೆದುರು ನಿಂತು ಕೇಳಿದ್ದ, ಸಾಕು ಬಿಡು ಅಂದವನು ನಾನು, ಇದನ್ನು ಆ ತಿರುವಿನಲ್ಲಿ ನಾನು ಅವಳಿಗೆ ಹೇಳಲಿಲ್ಲ. ಅವನಿಗೆ ಅದು ನೆನಪಿತ್ತು. ತುಂಡು ಮುಂದಿಟ್ಟ ದಿನ ಗೇಣಿಟ್ಟು ಅಳೆದು ನನ್ನ ಮುಖ ನೋಡಿದನಲ್ಲ, ಆಗಲೇ ನೆನಪಾಗಿತ್ತು. ಆದರೂ ತಪ್ಪುಗಳನ್ನು ಒಂದೊಂದಾಗಿ ಹೇಳುವಾಗ ನನ್ನ ಹೆಸರನ್ನು ಅವನು ಎತ್ತಲಿಲ್ಲ.